ಟಿಸಿ ಹತ್ತೋ ಹುಡುಗನಿಗೆ ಫೋನ್ ಮಾಡೋ ಮುಂಚೆ

ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕೋದರ ಬಗ್ಗೆ ಎರಡನೇ ಕಂತು ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಮಳೆ ಹಿಡಿಯೋ ಮುಂಚೆ ಈ ವಿಷಯ ಹೇಳಿ ಮುಗಿಸಬೇಕು ಅನ್ನಿಸ್ತು. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಕೆಲವರಿಗೆ ಕೋಪ ಬರಬಹುದು. ಬಂದರೆ ಕೆಳಗೆ ಬರೀರಿ, ಮಾತಾಡೋಣ.

ನನ್ನ ಮಾತು ಇಷ್ಟೇ. ತೋಟದ ಟಿಸಿಯಲ್ಲಿ ಫ್ಯೂಸ್ ಹೋದಾಗ ನಾವೆಲ್ಲ ಫೋನ್ ಮಾಡಿ ಕರೆಸ್ತೀವಲ್ಲ ಊರಿನ ಹುಡುಗ, ಅವನನ್ನ ಇನ್ಮೇಲೆ ಕರೀಬಾರದು. ಒಬ್ಬರೂ ಕರೀಬಾರದು.

ಯಾವ ಹುಡುಗ ಅಂತ ಬಿಡಿಸಿ ಹೇಳೋದು ಬೇಡ. ಪ್ರತಿ ಊರಲ್ಲೂ ಒಬ್ಬ ಇದಾನೆ. ಇಲಾಖೆ ಕೆಲಸದವನಲ್ಲ, ಲೈಸೆನ್ಸ್ ಇಲ್ಲ. ಐಟಿಐ ಅರ್ಧಕ್ಕೆ ಬಿಟ್ಟಿರ್ತಾನೆ, ಇಲ್ಲಾ ಲೈನ್‌ಮ್ಯಾನ್ ಹಿಂದೆ ಎರಡು ವರ್ಷ ಓಡಾಡಿ ಕಲಿತಿರ್ತಾನೆ. ಒಂದು ಕಟಿಂಗ್ ಪ್ಲೇಯರ್, ಒಂದು ಟೆಸ್ಟರ್, ಒಂದು ಬಿದಿರು ಗಳು, ಕಾಲಲ್ಲಿ ಹವಾಯಿ ಚಪ್ಪಲಿ. ಗ್ಲೌಸ್ ಇಲ್ಲ. ಹಗಲಾದರೆ ಇನ್ನೂರು, ರಾತ್ರಿಯಾದರೆ ಮುನ್ನೂರು, ಜತೆಗೆ ಯಾರಾದರೂ ಕ್ವಾರ್ಟರ್ ಕೊಡಿಸ್ತಾರೆ. ‘ಅವನಿಗೆ ಕರೆಂಟ್ ಹೊಡೆಯೋದೇ ಇಲ್ಲ ಕಣಪ್ಪ’ ಅಂತ ಹೊಗಳ್ತಾರೆ. ಆ ಹೊಗಳಿಕೇನೇ ಅವನನ್ನ ಕಂಬ ಹತ್ತಿಸೋದು.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಹೋಬಳಿಯ ಒಂದು ಊರಲ್ಲಿ ಹಿಂಗೆ ಹತ್ತಿದ ಹುಡುಗ ಇಳಿದು ಬರಲಿಲ್ಲ. ಮದುವೆಯಾಗಿ ಮೂರು ವರ್ಷ ಆಗಿತ್ತು. ಕೈ ಕೆಳಗಿನ ಹಿಡಿ ಎಳೆದು ಲೈನ್ ಬಿಡಿಸಿದೀನಿ ಅಂತಲೇ ಹತ್ತಿದ್ದ. ಮೂರು ಬ್ಲೇಡಿನಲ್ಲಿ ಒಂದು ಬಿಟ್ಟುಕೊಂಡಿರಲಿಲ್ಲ. ತಿಥಿಗೆ ಹೋಗಿದ್ದೆ. ಆ ಟಿಸಿ ಕೆಳಗೆ ಮೋಟಾರ್ ಇರೋ ಹದಿಮೂರು ಜನ ಅಲ್ಲಿ ಕೂತಿದ್ದರು. ಆ ಹೆಣ್ಣುಮಗಳಿಗೆ ಏನಾದರೂ ಕೊಡಬೇಕು ಅಂತ ಮಾತು ಬಂತು. ತಲೆಗೆ ಎರಡು ಸಾವಿರ ಅಂದರು ಒಬ್ಬರು. ಇನ್ನೊಬ್ಬರು, ‘ನಾವೇನು ಹತ್ತು ಅಂತ ಹೇಳಿದ್ವಾ?’ ಅಂದರು. ಸುಮ್ಮನಾದರು ಎಲ್ಲರೂ.

ಹೌದು, ಹತ್ತು ಅಂತ ಯಾರೂ ಬಾಯಿಬಿಟ್ಟು ಹೇಳಿರಲ್ಲ. ‘ಸ್ವಲ್ಪ ನೋಡಪ್ಪ’ ಅಂದಿರ್ತಾರೆ. ಆ ಮಾತಿನ ಅರ್ಥ ಹೇಳೋರಿಗೂ ಗೊತ್ತು, ಕೇಳೋನಿಗೂ ಗೊತ್ತು. ಆದರೆ ಅವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ವಿದ್ಯುತ್ ಅಪಘಾತ ಆದರೆ ವಿಚಾರಣೆ ನಡೆಸೋಕೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಂನಲ್ಲಿ ಅವಕಾಶ ಇದೆ, ವಿದ್ಯುತ್ ಪರಿವೀಕ್ಷಕರು ಬಂದು ನೋಡ್ತಾರೆ. ಬಂದರೆ ಏನು ಕಾಣುತ್ತೆ? ಅನುಮತಿ ಇಲ್ಲದೆ ಹತ್ತಿದ ಹೊರಗಿನವನು. ಸತ್ತವನದೇ ತಪ್ಪು ಅಂತ ಬರೆಯೋಕೆ ನಾವೇ ಜಾಗ ಮಾಡಿಕೊಟ್ಟ ಹಾಗೆ. ಇಲಾಖೆಯ ಪವರ್‌ಮ್ಯಾನ್ ಸತ್ತರೆ ಅವನ ಮನೆಯವರು ಕೇಳೋಕೆ ಒಂದು ಬಾಗಿಲಾದರೂ ಇದೆ. ಈ ಹುಡುಗನ ಮನೆಯವರು ಯಾರ ಬಾಗಿಲಿಗೆ ಹೋಗ್ತಾರೆ? ನನಗೂ ನಿಮಗೂ ಬಾಗಿಲು ಹಾಕ್ಕೊಳ್ಳೋದು ಸುಲಭ.

ಟಿಸಿ ಮೇಲೆ ಏನಿರುತ್ತೆ ಅಂತ ಒಂದ್ಸಲ ತಿಳ್ಕೊಂಡರೆ ಯಾರೂ ‘ಸ್ವಲ್ಪ ನೋಡು’ ಅನ್ನಲ್ಲ. ಮೇಲಿನ ತಂತಿಯಲ್ಲಿ ಬರೋದು 11 ಸಾವಿರ ವೋಲ್ಟ್. ಟಿಸಿ ಅದನ್ನ ಇಳಿಸಿ ನಮ್ಮ ಮೋಟಾರಿಗೆ 400 ಚಿಲ್ಲರೆ ವೋಲ್ಟ್ ಕೊಡುತ್ತೆ. ಕೆಳಗೆ ಹಿಡಿ ಎಳೆದರೆ ಮೇಲೆ ಬಿಟ್ಟುಕೊಳ್ಳುತ್ತಲ್ಲ, ಅದು ಜಿಓಎಸ್. ಅದನ್ನ ಬಿಡಿಸಿದರೂ ಅದರ ಆಚೆ ಬದಿ ತಂತಿಯಲ್ಲಿ 11 ಸಾವಿರ ಹಾಗೇ ಇರುತ್ತೆ, ಕೆಲಸ ಮಾಡೋನ ತಲೆಯಿಂದ ಕೆಲವೇ ಅಡಿ ದೂರದಲ್ಲಿ. ಹಳೇ ಜಿಓಎಸ್‌ಗಳಲ್ಲಿ ತುಕ್ಕು ಹಿಡಿದು, ಕಿಡಿ ಹಾರಿ ಬ್ಲೇಡ್ ಅಂಟಿಕೊಂಡಿರುತ್ತೆ. ಹಿಡಿ ಪೂರ್ತಿ ಕೆಳಗೆ ಬಂದಿರುತ್ತೆ, ಒಂದು ಫೇಸ್ ಮಾತ್ರ ಬಿಟ್ಟುಕೊಂಡಿರಲ್ಲ. ರಾತ್ರಿ ಹೊತ್ತು ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನವರಿಗೆ ಅದು ಕಾಣಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟಿಸಿ ಎರಡೂ ಕಡೆಗೆ ಕೆಲಸ ಮಾಡುತ್ತೆ. ಲೈನ್ ಪೂರ್ತಿ ಬಂದ್ ಮಾಡಿದ್ದರೂ ಯಾವುದೋ ತೋಟದ ಮನೇಲಿ ಮದುವೆಗೆ ಅಂತ ಜನರೇಟರ್ ಹಾಕಿ, ಮೇನ್ ಸ್ವಿಚ್ ತೆಗೆಯದೆ ಅದನ್ನ ಮನೆ ಲೈನಿಗೆ ಕೊಟ್ಟರೆ, ಆ ಕರೆಂಟು ಹಿಂದಕ್ಕೆ ಟಿಸಿಗೆ ಹೋಗಿ ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗಿ ನಿಲ್ಲಬಹುದು. ಅದಕ್ಕೇ ಇಲಾಖೆಯ ನಿಯಮದಲ್ಲಿ ಬರೀ ಸ್ವಿಚ್ ತೆಗೆಯೋದಲ್ಲ. ಸಬ್‌ಸ್ಟೇಷನ್ನಿಂದ ಎಲ್‌ಸಿ ತಗೋಬೇಕು, ಕರೆಂಟ್ ಇಲ್ಲ ಅಂತ ಪರೀಕ್ಷೆ ಮಾಡಬೇಕು, ಆಮೇಲೆ ಕೆಲಸ ಮಾಡೋ ಜಾಗದ ತಂತಿಗಳನ್ನ ಅರ್ಥಿಂಗ್ ರಾಡಿನಿಂದ ಭೂಮಿಗೆ ಕೊಡಬೇಕು. ಅದಾದ ಮೇಲೆ ಕೈ. ನಮ್ಮ ಹುಡುಗನ ಹತ್ತಿರ ಎಲ್‌ಸಿಯೂ ಇಲ್ಲ, ರಾಡೂ ಇಲ್ಲ. ಹವಾಯಿ ಚಪ್ಪಲಿ 11 ಸಾವಿರಕ್ಕೆ ಲೆಕ್ಕಕ್ಕೇ ಇಲ್ಲ.

ಈಗ ಕೆಳಗಿನ 400 ವೋಲ್ಟಿಗೆ ಬರೋಣ, ಯಾಕಂದ್ರೆ ನಾವು ದಿನಾ ಕೈ ಹಾಕೋದು ಅಲ್ಲಿ. ಕರೆಂಟ್ ಹೊಡೆದರೆ ಫ್ಯೂಸ್ ಹೋಗುತ್ತೆ, ಎಂಸಿಬಿ ಬೀಳುತ್ತೆ, ಮನುಷ್ಯ ಉಳೀತಾನೆ ಅಂತ ಬಹಳ ಜನ ನಂಬಿದಾರೆ. ಅದು ಸುಳ್ಳು. ಲೆಕ್ಕ ನೋಡಿ. 5 ಎಚ್‌ಪಿ ಮೋಟಾರ್ ಓಡುವಾಗ ಒಂದೊಂದು ಫೇಸಿನಲ್ಲಿ 7ರಿಂದ 8 ಆಂಪಿಯರ್ ಎಳೆಯುತ್ತೆ. ಫ್ಯೂಸು ಅದಕ್ಕಿಂತ ಹೆಚ್ಚಿನದೇ ಇರಬೇಕು, 15-20 ಆಂಪಿಯರ್ ಹಾಕಿರ್ತೀವಿ. ಒದ್ದೆ ಕೈ, ಬರಿಗಾಲಲ್ಲಿ ಕೆಸರಲ್ಲಿ ನಿಂತೋನು ಒಂದು ಫೇಸ್ ಮುಟ್ಟಿದರೆ ಅವನ ಮೈಯೊಳಗೆ ಹರಿಯೋದು ಹೆಚ್ಚುಕಮ್ಮಿ ಕಾಲು ಆಂಪಿಯರ್. ಫ್ಯೂಸಿಗೆ ಅದು ಸೊಳ್ಳೆ ಕಚ್ಚಿದಷ್ಟೂ ಅಲ್ಲ.

ಮನುಷ್ಯನಿಗೆ? ಒಂದು ಆಂಪಿಯರ್ ಅಂದರೆ ಸಾವಿರ ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಬಿಗಿದು, ಹಿಡಿದಿದ್ದನ್ನ ಬಿಡೋಕೇ ಆಗಲ್ಲ. ‘ಕರೆಂಟ್ ಎಳ್ಕೊಳ್ತು’ ಅಂತೀವಲ್ಲ, ಅದು ಎಳ್ಕೊಳ್ಳೋದಲ್ಲ, ನಮ್ಮ ಕೈಯೇ ಬಿಡೋದಿಲ್ಲ. 50ರಿಂದ 100 ಮಿಲಿ ಆಂಪಿಯರ್ ಎದೆ ಮೂಲಕ ಹಾದರೆ ಒಂದೆರಡು ಸೆಕೆಂಡಿನಲ್ಲಿ ಹೃದಯದ ಬಡಿತ ಲಯ ತಪ್ಪಿ, ರಕ್ತ ತಳ್ಳೋದು ನಿಲ್ಲಿಸಿ ಬರೀ ನಡುಗೋಕೆ ಶುರು ಮಾಡಬಹುದು. ದೇವರ ಮನೇಲಿ ಹಾಕ್ತಿದ್ದ 15 ವ್ಯಾಟಿನ ಹಳೇ ಬಲ್ಬ್ ಉರಿಯೋಕೆ 65 ಮಿಲಿ ಆಂಪಿಯರ್ ಬೇಕು. ಆ ಸಣ್ಣ ಬಲ್ಬ್ ಉರಿಯೋಷ್ಟು ಕರೆಂಟು ಒಬ್ಬ ಗಟ್ಟಿಮುಟ್ಟಾದ ಆಳನ್ನ ತೆಗೆಯೋಕೆ ಸಾಕು. ಫ್ಯೂಸು, ಎಂಸಿಬಿ ಇರೋದು ತಂತಿ ಸುಡದೆ ಇರಲಿ, ಮೋಟಾರ್ ಉಳೀಲಿ ಅಂತ. ನಮಗಾಗಿ ಅಲ್ಲ.

ಮನುಷ್ಯನಿಗಾಗಿ ಇರೋದು ಆರ್‌ಸಿಸಿಬಿ ಅನ್ನೋದು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ 30 ಮಿಲಿ ಆಂಪಿಯರ್ ಆಗೋದರೊಳಗೆ ಬೀಳುತ್ತೆ. ಮನೆಗೆ, ಕೊಟ್ಟಿಗೆಗೆ, ಹಾಲು ಕರೆಯೋ ಮಷೀನಿಗೆ, ಮೇವು ಕತ್ತರಿಸೋ ಮಷೀನಿಗೆ ಇದನ್ನ ಹಾಕಿಸ್ಲೇಬೇಕು. ಎರಡು ಸಾವಿರದ ಆಸುಪಾಸು ಆಗುತ್ತೆ, ಒಂದು ಮೂಟೆ ಪಶು ಆಹಾರಕ್ಕಿಂತ ಸ್ವಲ್ಪ ಜಾಸ್ತಿ. ಅದರ ಮೇಲೆ ಟೆಸ್ಟ್ ಅಂತ ಗುಂಡಿ ಇರುತ್ತೆ, ತಿಂಗಳಿಗೊಂದ್ಸಲ ಒತ್ತಿ ನೋಡಿ, ಬೀಳದಿದ್ದರೆ ಬದಲಾಯಿಸಿ. ಬೋರ್‌ವೆಲ್ ಮೋಟಾರಿಗೆ ಹಾಕೋದು ಬೇರೆ ಲೆಕ್ಕ, ನೂರಾರು ಅಡಿ ಕೇಬಲ್ ಇರೋದರಿಂದ ಸುಮ್ಮಸುಮ್ಮನೆ ಬೀಳ್ತಿರುತ್ತೆ. ಅದನ್ನ ತಿಳಿದ ಲೈಸೆನ್ಸ್ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಮಾಡಿಸಿ.

ಈಗ ಮುಖ್ಯ ಪ್ರಶ್ನೆ. ಟಿಸಿ ಫ್ಯೂಸ್ ಯಾಕೆ ಪದೇಪದೇ ಹೋಗುತ್ತೆ? ‘ಮೆಟೀರಿಯಲ್ ಸರಿ ಇಲ್ಲ’ ಅಂತ ಬೈದು ಸುಮ್ಮನಾಗ್ತೀವಿ. ಇದಕ್ಕೂ ಲೆಕ್ಕ ಇದೆ. 5 ಎಚ್‌ಪಿ ಮೋಟಾರ್ ಒಂದಕ್ಕೆ ಸುಮಾರು 5 ಕೆವಿಎ ಬೇಕು. 25 ಕೆವಿಎ ಟಿಸಿ ಅಂದರೆ ಐದು ಮೋಟಾರು, 63 ಕೆವಿಎ ಅಂದರೆ ಹನ್ನೆರಡು. ನಿಮ್ಮ ಟಿಸಿ ಕೆಳಗೆ ಎಷ್ಟಿವೆ ಎಣಿಸಿ. ಜತೆಗೆ, ಎಲ್ಲರ ಮನೇಲೂ ಆಟೋ ಸ್ಟಾರ್ಟರ್. ಮೋಟಾರ್ ಶುರುವಾಗೋ ಗಳಿಗೆಯಲ್ಲಿ ಓಡೋದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ತ್ರೀ ಫೇಸ್ ಬಂದ ತಕ್ಷಣ ಹದಿನೈದು ಮೋಟಾರ್ ಒಟ್ಟಿಗೆ ಎದ್ದರೆ ಯಾವ ಫ್ಯೂಸ್ ನಿಲ್ಲುತ್ತೆ? ಹೋಗುತ್ತೆ, ಹುಡುಗ ಹತ್ತುತಾನೆ. ನಾಳೆ ಮತ್ತೆ ಹೋಗುತ್ತೆ, ಮತ್ತೆ ಹತ್ತುತಾನೆ. ಬೇಜಾರಾಗಿ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿ ಇಳೀತಾನೆ. ಆವಾಗ ಫ್ಯೂಸ್ ಹೋಗಲ್ಲ, ಟಿಸಿಯೇ ಸುಡುತ್ತೆ. ವಾರಗಟ್ಟಲೆ ನೀರಿಲ್ಲ.

ಅಂದರೆ ಆ ಹುಡುಗ ಹತ್ತೋ ಕಂಬದ ಮೊದಲ ಮೆಟ್ಟಿಲು ಇರೋದು ನಮ್ಮ ಪ್ಯಾನಲ್ ಬೋರ್ಡಿನಲ್ಲಿ. ಇದನ್ನ ಒಪ್ಪಿಕೊಂಡರೆ ದಾರಿ ಇದೆ. ನಮ್ಮ ಟಿಸಿ ಕೆಳಗಿರೋ ಹದಿನಾಲ್ಕು ಜನ ಅರಳಿಕಟ್ಟೆ ಹತ್ತಿರ ಕೂತು ಮಾತಾಡಿದ್ವಿ. ಬಹಳಷ್ಟು ಪ್ಯಾನಲ್‌ಗಳಲ್ಲಿ ಕರೆಂಟ್ ಬಂದು ಎಷ್ಟು ಹೊತ್ತಾದ ಮೇಲೆ ಮೋಟಾರ್ ಶುರುವಾಗಬೇಕು ಅಂತ ಟೈಮರ್ ಇರುತ್ತೆ. ಇಲ್ಲದವರು ಒಂದು ಟೈಮರ್ ಹಾಕಿಸಿಕೊಂಡರು. ಮೊದಲನೆಯವರದು ಒಂದು ನಿಮಿಷಕ್ಕೆ, ಎರಡನೆಯವರದು ಎರಡು ನಿಮಿಷಕ್ಕೆ, ಹಿಂಗೆ ಸಾಲಾಗಿ. ಕಡೆಯವರಿಗೆ ಹದಿನಾಲ್ಕು ನಿಮಿಷ ತಡ. ಏಳು ಗಂಟೆ ತ್ರೀ ಫೇಸಿನಲ್ಲಿ ಹದಿನಾಲ್ಕು ನಿಮಿಷ ಯಾವ ಲೆಕ್ಕ? ತಿಂಗಳಿಗೊಂದ್ಸಲ ಸರದಿ ಬದಲಾಯಿಸ್ತೀವಿ, ಜಗಳ ಇಲ್ಲ. ಈ ಬೇಸಿಗೆಯಲ್ಲಿ ಫ್ಯೂಸ್ ಹೋಗಿದ್ದು ಎರಡೇ ಸಲ. ಎರಡು ಸಲವೂ 1912ಕ್ಕೆ ಫೋನ್ ಮಾಡಿ ಕಾಯ್ದೆವು. ಒಂದು ಸಲ ಅದೇ ದಿನ ಸಂಜೆ ಬಂದರು, ಇನ್ನೊಂದು ಸಲ ಎರಡನೇ ದಿನ ಮಧ್ಯಾಹ್ನ. ಲೆಕ್ಕಕ್ಕೆ ಬರೆಸದೆ ಹಾಕಿರೋ ಮೋಟಾರುಗಳಿದ್ದರೆ ಅರ್ಜಿ ಹಾಕಿ ಲೆಕ್ಕಕ್ಕೆ ತರಿಸಿ. ಕಾಗದದಲ್ಲಿ ಐದು ಮೋಟಾರ್ ಇದ್ದು, ನೆಲದಲ್ಲಿ ಹತ್ತು ಇದ್ದರೆ ದೊಡ್ಡ ಟಿಸಿ ಕೊಡಿ ಅಂತ ಕೇಳೋಕೆ ನಮಗೆ ಬಾಯೇ ಇರಲ್ಲ.

ಈಗ ನೀವು ಕೇಳೋದು ಗೊತ್ತು. ‘ಎರಡು ದಿನ ಕಾದರೆ ಬೆಳೆ ಒಣಗಲ್ವೇನಣ್ಣ?’ ಪ್ರಾಮಾಣಿಕವಾಗಿ ಹೇಳ್ತೀನಿ. ತೆಂಗು, ಅಡಿಕೆ, ಮಾವು ಎರಡು ದಿನಕ್ಕೆ ಏನೂ ಆಗಲ್ಲ. ಬುಡದಲ್ಲಿ ಮುಚ್ಚಿಗೆ ಇದ್ದರೆ ನಾಲ್ಕು ದಿನವೂ ಏನೂ ಆಗಲ್ಲ. ಟೊಮೇಟೊ ಸಸಿ ಮಡಿ, ಈಗ ತಾನೇ ನಾಟಿ ಮಾಡಿದ ತರಕಾರಿ, ಹೂವು ಇವಕ್ಕೆ ಪೆಟ್ಟು ಬೀಳುತ್ತೆ, ಸುಳ್ಳು ಹೇಳಲ್ಲ. ಅಂಥವರು ಒಂದು ಕೃಷಿ ಹೊಂಡ ಇಲ್ಲಾ ತೊಟ್ಟಿ ಮಾಡಿ ಎರಡು ದಿನದ ನೀರು ಇಟ್ಟುಕೊಳ್ಳೋದೇ ಸರಿ. ಅದೂ ಇಲ್ಲ ಅಂದರೆ ಆ ಎರಡು ದಿನದ ನಷ್ಟ ನಷ್ಟವೇ. ಆದರೂ ಅದು ಟೊಮೇಟೊ. ಮುಂದಿನ ಸಲ ಮತ್ತೆ ನಾಟಿ ಮಾಡಬಹುದು.

‘ಲೈನ್‌ಮ್ಯಾನ್ ಬರಲ್ಲ’ ಅನ್ನೋದು ಎರಡನೇ ಮಾತು. ಇದರಲ್ಲಿ ನಿಜ ಇದೆ. ಒಬ್ಬ ಪವರ್‌ಮ್ಯಾನ್ ಕೈಯಲ್ಲಿ ಎಷ್ಟೋ ಊರುಗಳಿರುತ್ತವೆ, ಅವರ ಮೇಲೆ ಕೋಪ ಮಾಡ್ಕೊಂಡು ಪ್ರಯೋಜನ ಇಲ್ಲ. ಆದರೆ ಒಂದು ಯೋಚನೆ ಮಾಡಿ. ಅವರು ಬರದೆ ಇದ್ದಾಗಲೆಲ್ಲ ನಮ್ಮ ಹುಡುಗ ಹತ್ತಿ ಸರಿಮಾಡಿದರೆ, ಆ ಟಿಸಿಯಲ್ಲಿ ತೊಂದರೆ ಇತ್ತು ಅನ್ನೋದು ಯಾವ ದಾಖಲೆಯಲ್ಲೂ ಬರಲ್ಲ. ವರ್ಷಕ್ಕೆ ನಲವತ್ತು ಸಲ ಫ್ಯೂಸ್ ಹೋಗೋ ಟಿಸಿ ಆಫೀಸಿನ ಲೆಕ್ಕದಲ್ಲಿ ಚಿನ್ನದಂಥಾ ಟಿಸಿ. ಹೆಚ್ಚು ಜನ ಬೇಕು, ದೊಡ್ಡ ಟಿಸಿ ಬೇಕು ಅಂತ ಮೇಲಿನವರಿಗೆ ಯಾವ ಕಾಗದವೂ ಹೋಗಲ್ಲ. ಇನ್ನೂರು ರೂಪಾಯಿ ಕೊಟ್ಟು ನಾವು ಮುಚ್ಚಿಹಾಕ್ತಿರೋದು ನಮ್ಮದೇ ದೂರನ್ನ. 1912ಕ್ಕೆ ಮಾಡಿ, ದೂರಿನ ನಂಬರ್ ಕೇಳಿ ಬರ್ಕೊಳ್ಳಿ, ದಿನಾಂಕ, ಹೊತ್ತು ಬರ್ಕೊಳ್ಳಿ. ಎಷ್ಟು ಹೊತ್ತಿನೊಳಗೆ ಸರಿ ಮಾಡಬೇಕು ಅಂತ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗಡುವು ಹಾಕಿದೆ. ನಂಬರ್ ಇದ್ದರೆ ಗಡುವು ಮೀರಿತು ಅಂತ ಕೇಳಬಹುದು. ನಂಬರ್ ಇಲ್ಲದಿದ್ದರೆ ಬರೀ ಬಾಯಿಮಾತು. ಇಪ್ಪತ್ತು ನಂಬರ್ ಇರೋ ಒಂದು ಹಾಳೆ ಹಿಡ್ಕೊಂಡು ಸೆಕ್ಷನ್ ಆಫೀಸಿಗೆ ಹತ್ತು ಜನ ಒಟ್ಟಿಗೆ ಹೋಗಿ ನೋಡಿ, ಮಾತಿನ ಧಾಟಿಯೇ ಬೇರೆ ಇರುತ್ತೆ.

ಸರ್ಕಾರಕ್ಕೂ ಒಂದು ಮಾತು. ಪ್ರತಿ ಪಂಚಾಯ್ತಿಯಲ್ಲೂ ಐಟಿಐ ಎಲೆಕ್ಟ್ರಿಕಲ್ ಮುಗಿಸಿ ಖಾಲಿ ಕೂತ ಹುಡುಗರು ಇದಾರೆ. ಅವರಲ್ಲಿ ಇಬ್ಬರಿಗೆ ತರಬೇತಿ ಕೊಟ್ಟು, ಗ್ಲೌಸು, ರಾಡು, ಬೆಲ್ಟು, ವಿಮೆ, ಸಂಬಳ ಕೊಟ್ಟು, ಎಲ್‌ಸಿ ತಗೊಂಡು ಕೆಲಸ ಮಾಡೋ ಹಾಗೆ ಮಾಡಿದರೆ ಅದೇ ಹುಡುಗ ಅದೇ ಕೆಲಸ ಜೀವಂತವಾಗಿ ಮಾಡ್ತಾನೆ. ಈಗಲೂ ಕೆಲಸ ಅವನೇ ಮಾಡ್ತಿರೋದು. ಹೆಸರು, ಸಂಬಳ, ರಕ್ಷಣೆ ಇಲ್ಲದೆ ಮಾಡ್ತಿದಾನೆ, ಅಷ್ಟೇ ವ್ಯತ್ಯಾಸ.

ಟಿಸಿ ಮಾತು ಮುಗೀತು. ನಮ್ಮ ನಮ್ಮ ತೋಟದೊಳಗೆ ಪಾಲಿಸಬೇಕಾದ್ದು ಕೆಲವು ಇವೆ, ಅದನ್ನೂ ಹೇಳಿಬಿಡ್ತೀನಿ.

ಒಂದು. ಮೋಟಾರ್ ಓಡ್ತಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ಅರ್ಥ ಅಲ್ಲ. ಒಂದು ಫೇಸ್ ಹೋಗಿದ್ದರೂ ಮೋಟಾರ್ ನಿಲ್ಲುತ್ತೆ, ಮಿಕ್ಕ ಎರಡು ತಂತಿಯಲ್ಲಿ ಸಾವು ಹಾಗೇ ಇರುತ್ತೆ. ಟೆಸ್ಟರ್‌ನಲ್ಲಿ ಮೂರೂ ಫೇಸ್ ನೋಡಿ. ಆ ಟೆಸ್ಟರ್ ಸರಿ ಇದೆಯಾ ಅಂತ ಮೊದಲು ಕರೆಂಟ್ ಇರೋ ಕಡೆ ಮುಟ್ಟಿಸಿ ನೋಡಿ.

ಎರಡು. ಕೆಂಪು ಗುಂಡಿ ಒತ್ತಿದರೆ ಮೋಟಾರ್ ನಿಲ್ಲುತ್ತೆ, ಕರೆಂಟ್ ಹೋಗಲ್ಲ. ಬೋರ್ಡಿಗೆ ಕೈ ಹಾಕೋ ಮುಂಚೆ ಮೇನ್ ಕೆಳಗೆ ಎಳೀರಿ, ಆಮೇಲೆ ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿಗೆ ಹಾಕ್ಕೊಳ್ಳಿ. ಜೇಬಿಗೆ ಅಂದರೆ ಜೇಬಿಗೆ, ಬೋರ್ಡ್ ಮೇಲೆ ಇಡೋದಲ್ಲ. ಮೊಬೈಲ್ ಸ್ಟಾರ್ಟರ್ ಇರೋ ಮನೆಗಳಲ್ಲಂತೂ ಇದು ತಪ್ಪಲೇಬಾರದು. ಬೆಂಗಳೂರಲ್ಲಿರೋ ಮಗ ‘ಅಪ್ಪ ಮರೆತಿರಬೇಕು’ ಅಂತ ಅಲ್ಲಿಂದಲೇ ಆನ್ ಮಾಡ್ತಾನೆ. ಅಪ್ಪ ಇಲ್ಲಿ ಕೇಬಲ್ ಜಾಯಿಂಟ್ ಬಿಚ್ಚಿ ಕೂತಿರ್ತಾರೆ. ಇನ್ನೊಂದು ನೆನಪಿರಲಿ, ಮೇನ್ ತೆಗೆದರೂ ಮೇನಿಗೆ ಬರೋ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತೆ. ಕೆಪಾಸಿಟರ್ ಕೂಡ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಕರೆಂಟ್ ಹಿಡ್ಕೊಂಡಿರುತ್ತೆ. ಅದನ್ನ ಮುಟ್ಟೋ ಕೆಲಸ ತಿಳಿದವರಿಗೆ ಬಿಡಿ.

ಮೂರು. ಅರ್ಥಿಂಗ್. ತ್ರೀ ಫೇಸ್ ಮೋಟಾರ್ ಮೈಗೆ ಎರಡು ಬೇರೆಬೇರೆ ಅರ್ಥ್ ಕೊಡಬೇಕು ಅಂತ ನಿಯಮ ಇದೆ. ನಮ್ಮ ಕಡೆ ಒಂದು ಗೂಟಕ್ಕೆ ತಂತಿ ಸುತ್ತಿ ಬಿಟ್ಟಿರ್ತೀವಿ, ಬೇಸಿಗೇಲಿ ನೆಲ ಒಣಗಿದರೆ ಅದು ಇದ್ದೂ ಇಲ್ಲದ ಹಾಗೆ. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸಿ, ವಾರಕ್ಕೆ ಎರಡು ಕೊಡ ನೀರು ಹುಯ್ಯಿರಿ. ಪಂಪ್‌ಹೌಸಿನ ಬಲ್ಬಿಗೆ ನ್ಯೂಟ್ರಲ್ ಬದಲು ಅರ್ಥ್ ತಂತಿ ಕೊಟ್ಟಿರೋ ಕಡೆ ಇವತ್ತೇ ಬಿಚ್ಚಿಸಿ. ಆ ಅರ್ಥ್ ಎಲ್ಲಾದರೂ ಬಿಟ್ಟುಕೊಂಡರೆ ಸ್ಟಾರ್ಟರ್ ಡಬ್ಬ, ಕಬ್ಬಿಣದ ಬಾಗಿಲು ಎಲ್ಲದರಲ್ಲೂ ಕರೆಂಟ್ ಬಂದು ನಿಲ್ಲುತ್ತೆ.

ನಾಲ್ಕು. ಉದ್ದನೆಯ ಸಾಮಾನು. ರಸ್ತೆ ಬಿಟ್ಟು ಹೊಲದ ಮೇಲೆ ಹಾದು ಹೋಗೋ 11 ಕೆವಿ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರ ಇರಬೇಕು, ಅಂದರೆ 15 ಅಡಿ. ಬೋರ್‌ವೆಲ್‌ನಿಂದ ತೆಗೆಯೋ ಜಿಐ ಪೈಪ್ ಒಂದೊಂದು 20 ಅಡಿ. ಪೈಪನ್ನ ನೆಟ್ಟಗೆ ನಿಲ್ಲಿಸಿದರೆ ತಂತಿ ದಾಟುತ್ತೆ. ಅಡಿಕೆ ದೋಟಿ ಅಂತೂ ಕೇಳೋದೇ ಬೇಡ. ಅಲ್ಯೂಮಿನಿಯಂ ದೋಟಿ ಅಪಾಯ ಅಂತ ಈಗ ಎಲ್ಲರಿಗೂ ಗೊತ್ತು. ಹಗುರ ಅಂತ ಕಾರ್ಬನ್ ಫೈಬರ್ ದೋಟಿ ತಗೊಂಡೋರು ‘ಇದು ಫೈಬರ್, ಏನಾಗಲ್ಲ’ ಅಂದ್ಕೊಂಡಿದಾರೆ. ಕಾರ್ಬನ್ನಿನಲ್ಲೂ ಕರೆಂಟ್ ಹರಿಯುತ್ತೆ. ಹಸಿ ಬಿದಿರಿನಲ್ಲೂ ಹರಿಯುತ್ತೆ. ತಂತಿ ಪಕ್ಕದ ಸಾಲಿನ ಗೊನೆಗಳನ್ನ ಲೈನ್ ಬಂದ್ ಮಾಡಿಸಿಯೇ ಇಳಿಸಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋಕೆ ಹೋಗಿ ಮೂವರು ಹುಡುಗರು ಸತ್ತಿದ್ದು ನೆನಪಿದೆಯಲ್ಲ. ಅಲ್ಲೂ ಎತ್ತಿದ ಸಾಮಾನು ತಂತಿಗೆ ತಗುಲಿದ್ದೇ ಕಾರಣ.

ಐದು. ಹಂದಿಗೆ ಅಂತ ಬೇಲಿಗೆ ನೇರ ಕರೆಂಟ್ ಕೊಡೋದು. ಇದರ ಬಗ್ಗೆ ಮಾತೇ ಬೇಡ, ಅದು ಕೊಲೆಗೆ ಒಡ್ಡಿದ ಉರುಲು. ಹಂದಿ ಬರೋ ಹೊತ್ತಿಗೇ ಪಕ್ಕದ ಹೊಲದವನು ನೀರು ಕಟ್ಟೋಕೆ ಬರ್ತಾನೆ. ಸೋಲಾರ್ ಬೇಲಿ ಮಷೀನ್ ಬೇರೆ. ಅದು ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಮ್ಮಿ ಹೊತ್ತು ಏಟು ಕೊಡುತ್ತೆ. ಕೈ ಕಿತ್ತುಕೊಳ್ಳೋಕೆ ಬಿಡುವು ಇರುತ್ತೆ. ಲೈನಿನ ಕರೆಂಟಿನಲ್ಲಿ ಆ ಬಿಡುವು ಇಲ್ಲ.

ಆರು. ಬಿದ್ದ ತಂತಿ. ಗಾಳಿ ಮಳೆ ಬಂದ ಮಾರನೇ ದಿನ ತೋಟಕ್ಕೆ ಹೋಗುವಾಗ ಮೊದಲು ತಲೆ ಎತ್ತಿ ನೋಡಿ, ಆಮೇಲೆ ನೆಲ ನೋಡಿ, ಆಮೇಲೆ ದನ ಬಿಡಿ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಎಳೇ ಮಗು ಇಬ್ಬರೂ ಹೋದರು. ರಾಜಧಾನಿಯಲ್ಲೇ ಹಂಗೆ, ನಮ್ಮ ಬದುವಿನಲ್ಲಿ ಕೇಳಬೇಕಾ? ತಂತಿ ಬಿದ್ದ ಜಾಗದ ಸುತ್ತ ನೆಲದಲ್ಲೂ ಕರೆಂಟ್ ಹರಡಿರುತ್ತೆ. ಒಂದು ಕಾಲಿಗೂ ಇನ್ನೊಂದು ಕಾಲಿಗೂ ದೂರ ಇದ್ದಷ್ಟೂ ಏಟು ಜಾಸ್ತಿ. ಮುಂಗಾಲು ಹಿಂಗಾಲಿಗೆ ಅಷ್ಟು ಅಂತರ ಇರೋದರಿಂದಲೇ ಹಸು ಮೊದಲು ಬೀಳೋದು. ಹತ್ತಿರ ಸಿಕ್ಕಿಹಾಕ್ಕೊಂಡಿದ್ದರೆ ಕಾಲು ಜೋಡಿಸಿ, ಪಾದ ಎತ್ತದೆ ಇಂಚಿಂಚೇ ಜರುಗುತ್ತಾ ಆಚೆ ಬನ್ನಿ. 30 ಅಡಿ ದೂರದಿಂದಲೇ ಬೇರೆಯವರನ್ನ ತಡೀರಿ, 1912ಕ್ಕೆ ಮಾಡಿ. ಕಂಬಕ್ಕೆ, ಸ್ಟೇ ತಂತಿಗೆ ದನ ಕಟ್ಟಬೇಡಿ, ಬಟ್ಟೆ ಒಣಹಾಕಬೇಡಿ.

ಇಷ್ಟೆಲ್ಲ ಆಗಿಯೂ ಯಾರಿಗಾದರೂ ಹೊಡೆದರೆ, ಓಡಿ ಹೋಗಿ ಹಿಡೀಬೇಡಿ. ಹಿಡಿದವನೂ ಹೋಗ್ತಾನೆ. ಅಣ್ಣನನ್ನ ಬಿಡಿಸೋಕೆ ತಮ್ಮ, ಇಬ್ಬರನ್ನೂ ಬಿಡಿಸೋಕೆ ತಾಯಿ, ಹಿಂಗೆ ಸಾಲಾಗಿ ಹೋದ ಮನೆಗಳಿವೆ. ಮೊದಲು ಮೇನ್ ತೆಗೀರಿ. ಆಗದಿದ್ದರೆ ಒಣಗಿದ ಮರದ ತುಂಡು ಇಲ್ಲಾ ಒಣಗಿದ ಪಿವಿಸಿ ಪೈಪಿನಿಂದ ತಂತಿ ಸರಿಸಿ, ನೀವು ಒಣ ಜಾಗದಲ್ಲಿ ನಿಂತಿರಬೇಕು. ಇದು ಮೋಟಾರ್ ಲೈನಿಗೆ, ಮನೆ ಲೈನಿಗೆ ಮಾತ್ರ. 11 ಸಾವಿರದ ಲೈನಾದರೆ ಯಾವ ಕೋಲೂ ಬೇಡ, ಲೈನ್ ಬಂದ್ ಆಗೋವರೆಗೂ ಹತ್ತಿರ ಹೋಗಲೇಬೇಡಿ.

ಬಿಡಿಸಿದ ಮೇಲೆ ಮಾತಾಡಿಸಿ. ಎಚ್ಚರ ಇಲ್ಲ, ಸರಿಯಾಗಿ ಉಸಿರಾಡ್ತಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆ ಒತ್ತೋಕೆ ಶುರು ಮಾಡಲಿ. ಅಂಗಾತ ಮಲಗಿಸಿ, ಎದೆ ನಡುವೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ 5 ಸೆಂಟಿಮೀಟರ್ ಆಳಕ್ಕೆ ಒತ್ತಿ ಬಿಡಬೇಕು, ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬಾರದು, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ. ಮಣ್ಣಲ್ಲಿ ಹೂಳೋದು, ನೀರು ಸುರಿಯೋದು ಮಾಡಿ ಆ ನಿಮಿಷಗಳನ್ನ ಹಾಳು ಮಾಡಬೇಡಿ. ಎದ್ದು ಕೂತು ‘ಏನಾಗಿಲ್ಲ ಬಿಡು’ ಅಂದರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮೇಲೆ ಸಣ್ಣ ಸುಟ್ಟ ಗಾಯ ಇದ್ದು, ಒಳಗೆ ಪೆಟ್ಟು ದೊಡ್ಡದಿರಬಹುದು, ಹೃದಯದ ಲಯ ಆಮೇಲೂ ತಪ್ಪಬಹುದು.

ಈ ವಾರ ಮಾಡೋಕೆ ಎರಡೇ ಕೆಲಸ. ನಿಮ್ಮ ಟಿಸಿ ಕೆಳಗೆ ಎಷ್ಟು ಮೋಟಾರ್ ಇವೆ ಅಂತ ಎಣಿಸಿ, ಆ ಜನರನ್ನೆಲ್ಲ ಒಂದು ಸಂಜೆ ಒಂದು ಕಡೆ ಕೂರಿಸಿ ಟೈಮರ್ ಸರದಿ ಬರ್ಕೊಳ್ಳಿ. ಆಮೇಲೆ ಆ ಹುಡುಗನನ್ನೂ ಕರೆದು ಎದುರಿಗೆ ಹೇಳಿ, ‘ಇನ್ಮೇಲೆ ಫ್ಯೂಸ್ ಹೋದರೆ ನಿನಗೆ ಫೋನ್ ಮಾಡಲ್ಲ ಕಣಪ್ಪ, ಯಾರಾದರೂ ಮಾಡಿದರೂ ನೀನು ಹೋಗಬೇಡ’ ಅಂತ. ಕೈಯಲ್ಲಿ ಕೆಲಸ ಇರೋ ಹುಡುಗ, ಅರ್ಥ್ ಗುಂಡಿ ತೋಡೋದು, ಡ್ರಿಪ್ ಲೈನ್ ಎಳೆಯೋದು, ಹಿಂಗೆ ನೆಲದ ಮೇಲಿನ ಕೆಲಸ ಕೊಟ್ಟು ಅದೇ ಇನ್ನೂರು ಮುನ್ನೂರು ಕೊಡಿ. ತೋಟದಲ್ಲಿ ಕೆಲಸಕ್ಕೇನು ಬರ ಇಲ್ಲ.

ಹದಿನಾಲ್ಕು ಜನ ಹದಿನಾಲ್ಕು ನಿಮಿಷ ಹಂಚಿಕೊಂಡರೆ ಒಬ್ಬ ಕಂಬ ಹತ್ತೋದು ತಪ್ಪುತ್ತೆ. ನಿಮ್ಮ ಊರಲ್ಲಿ ಇದಕ್ಕಿಂತ ಒಳ್ಳೇ ಉಪಾಯ ಮಾಡಿದ್ದರೆ ಬರೀರಿ, ನಾವೂ ಮಾಡ್ತೀವಿ.